ಕನ್ನೊಳ್ಳಿ ಅಜ್ಜನ ಕೋರ್ಟು ಕನ್ನಡ

ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕೋರ್ಟುಗಳನ್ನು ತಿರುಗಿ ಈಗ ಸಿಂದಗಿಯಲ್ಲಿ ಬೆಂಚ್ ಕ್ಲರ್ಕ್ ಆಗಿದ್ದೇನೆ. ದಿನಾ ವಿಭೂತಿ ಹಚ್ಚಿಕೊಳ್ಳುವಾಗ "ತಪ್ಪು ಮಾಡದವರು ಇವತ್ತು ಒಳಗೆ ಹೋಗದಿರಲಿ ತಂದೆ" ಎಂದಷ್ಟೇ ದೇವರನ್ನು ಬೇಡುತ್ತೇನೆ. ಅವನು ಅದನ್ನು ನಡೆಸಿಕೊಡುತ್ತಾನೆ. ಕೇಳದಿದ್ದರೂ ಆಗಾಗ ನಗೆಯನ್ನೂ ಕೊಡುತ್ತಾನೆ. ಕನ್ನೊಳ್ಳಿಯ ಕುರಿ ಕಾಯುವ ಅಜ್ಜನ ಕೇಸೊಂದರಲ್ಲೇ ಮೂರು ಸಲ ಕೊಟ್ಟ.

ಕೇಸು ಇಷ್ಟೇ: ಕುರಿ ತೊಗರಿ ಹೊಲಕ್ಕೆ ನುಗ್ಗಿದವು, ಅಡ್ಡ ಬಂದ ತನ್ನ ಕಾಲನ್ನು ಅಜ್ಜ ಬಡಿಗೆಯಿಂದ ಮುರಿದ ಎಂದು ಹೊಲದವನ ದೂರು. ಸಾಬೀತಾದರೆ ಅಜ್ಜನಿಗೆ ಜೈಲು.

೧. ವಾರ

ಅಜ್ಜ ಒಂದು ತಾರೀಖು ತಪ್ಪಿಸಿದ. ಪೊಲೀಸಪ್ಪ ಮನೆಗೇ ಹೋಗಿ, "ಅಜ್ಜಾ, ವಾರಂಟ್ ಹಿಡಕೊಂಡು ಬಂದೇನಿ" ಎಂದನಂತೆ. ನಮ್ಮ ಕಡೆ ವಾರ ಹಿಡಿಯುವುದೆಂದರೆ ದೇವರಿಗೆ ಉಪವಾಸ. ಅವತ್ತು ಸೋಮವಾರ ಬೇರೆ, ಅಜ್ಜನಿಗೆ ಕೇಳಿಸಿದ್ದು ಅದೇ.

"ನೀವೂ ಸೋಮಾರ ಹಿಡದೀರೇನ್ರಿ? ಬರ್ರಿ, ಕೂಡೇ ಫಳಾರ ಮಾಡೂಣು."

ಬೆಲ್ಲ ಶೇಂಗಾ ತಿಂದು ಅಜ್ಜನನ್ನು ಕರೆತಂದ ಪೊಲೀಸಪ್ಪ ನನ್ನ ಕಿವಿಯಲ್ಲಿ ಹೇಳಿದ: "ಮಂಗಳಾರ ಹಿಡೀಬೇಕಿತ್ರಿ. ಊಟಾ ಸಿಗ್ತಿತ್ತು."

೨. ತಪ್ಪಾತ್ರಿ

ಜಡ್ಜ್ ಸಾಹೇಬರು ಮೈಸೂರು ಕಡೆಯವರು, ಹೊಸಬರು. ಮುಂದಿನ ತಾರೀಖಿಗೆ ಅಜ್ಜ ತಾನೇ ಬಂದಾಗ ದೋಷಾರೋಪ ಓದಿಸಿ, "ತಪ್ಪು ಒಪ್ಪಿಕೊಳ್ಳುತ್ತೀರಾ?" ಎಂದರು.

ಅಜ್ಜ ಕೈ ಮುಗಿದ. "ತಪ್ಪಾತ್ರಿ."

ಪೆನ್ನು ಎತ್ತಿದ ಸಾಹೇಬರು ಯಾಕೋ ತಡೆದರು. "ಏನು ತಪ್ಪು?"

"ಬಸ್ಸು ತಪ್ಪಿತ್ರಿ. ಬರೂದು ತಡಾ ಆತು."

"ಅಲ್ಲ, ಕಾಲು ಮುರಿದದ್ದು?"

"ಅದು ನಂಗೊತ್ತಿಲ್ರಿ. ಅಂವಾ ಬಿದ್ದಾಗ ನಾ ಕುರಿ ಹೊಡ್ಯಾಕತ್ತಿದ್ನಿ."

"ಕುರಿಗೂ ಹೊಡೆದಿರಾ?"

ನಮ್ಮಲ್ಲಿ ಹೊಡೆಯುವುದೆಂದರೆ ಅಟ್ಟುವುದೂ ಹೌದು ಎಂದು ವಕೀಲರು ಬಿಡಿಸಿ ಹೇಳುವ ತನಕ ಅಜ್ಜನ ನೆತ್ತಿಯ ಮೇಲೆ ಎರಡನೇ ಕೇಸು ತೂಗಾಡಿತು.

೩. ಬಿಡುವುದು

ಹೊಲದವನು ಕಟಕಟೆ ಹತ್ತಿದ. "ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ" ಎಂದು ಹೇಳಿಕೊಟ್ಟೆ. ಅವನ ನಾಲಿಗೆ "ದೇವರ" ಎಂಬಲ್ಲೇ ನಿಂತಿತು.

"ಸುಳ್ಳ ಹೇಳಾಂಗಿಲ್ರಿ. ಕುರಿ ಅಟ್ಟಾಕ ಓಡಿ, ಬದುವಿನ ಮ್ಯಾಲಿಂದ ಬಿದ್ನಿ. ಸಿಟ್ಟಿಗೆ ಈ ಅಜ್ಜನ ಹೆಸರು ಹೇಳಿದ್ನಿ."

ನಾನು ಮನಸ್ಸಿನಲ್ಲೇ ಶರಣೆಂದೆ.

ತೀರ್ಪಿನ ದಿನ ಸಾಹೇಬರು ಮೆಲ್ಲಗೆ ಹೇಳಿದರು, "ಅಜ್ಜಾ, ನಿಮ್ಮನ್ನು ಬಿಟ್ಟಿದ್ದೇವೆ."

ಅಜ್ಜನ ಕಣ್ಣಲ್ಲಿ ನೀರು. "ಯಪ್ಪಾ, ಎಲ್ಲಾರೂ ಬಿಟ್ಟಾರ್ರಿ. ನೀವಾದ್ರೂ ಬಿಡಬ್ಯಾಡ್ರಿ."

"ಬಿಡದಿದ್ದರೆ ಜೈಲಿಗೆ ಕಳಿಸಬೇಕಾಗುತ್ತದೆ."

ಅಜ್ಜ ಕಣ್ಣೊರೆಸಿಕೊಂಡ. "ಹಂಗಾದ್ರ ಪೂರಾ ಬಿಟ್ಟುಬಿಡ್ರಿ."