ಗುಡ್ಡದ ಹಾದಿಯಿಂದ ಕಾಣದ ಜಾಗಗಳು

ಮರ್ಯಾದೆಯಿಂದ ಮನೆ ಬಿಟ್ಟು ಮರ್ಯಾದೆಯಿಂದಲೇ ಮನೆಗೆ ಮರಳುವ ನೌಕರಿಗಳು ಲೋಕದಲ್ಲಿ ಎಷ್ಟೋ ಇವೆ, ನನ್ನದು ಅಂಥದ್ದಲ್ಲ. ಹೊರಡುವಾಗ ತಲೆ ಎತ್ತಿಕೊಂಡೇ ಹೊರಡುತ್ತೇನೆ. ಬರುವಷ್ಟರಲ್ಲಿ ಏನಾದರೊಂದು ಆಗಿ, ಮನೆಯ ಬಾಗಿಲು ಮುಟ್ಟುವವರೆಗೂ ಹೆಲ್ಮೆಟ್ ತೆಗೆಯದೆ ಬರಬೇಕಾಗುತ್ತದೆ.

ನಾನು ಹುಬ್ಬಳ್ಳಿಯ ಒಂದು ಸಣ್ಣ ಕಚೇರಿಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಮಾಡುವವನು. ಈ ವಿದ್ಯೆಗೆ ಜಿಐಎಸ್ ಅನ್ನುತ್ತಾರೆ. ನೆಲದ ಏರುತಗ್ಗುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಇಂಥ ಕಡೆ ಒಬ್ಬ ಮನುಷ್ಯ ನಿಂತರೆ ಅವನಿಗೆ ಏನೇನು ಕಾಣುತ್ತದೆ ಎಂದು ಕೇಳಿದರೆ, ಅದು ಕಾಣುವ ನೆಲಕ್ಕೆ ಒಂದು ಬಣ್ಣ, ಕಾಣದ ನೆಲಕ್ಕೆ ಇನ್ನೊಂದು ಬಣ್ಣ ಬಳಿದು ಕೊಡುತ್ತದೆ. ಊರಂಚಿನಲ್ಲಿ ಸರಕಾರದ್ದೊಂದು ಗುಡ್ಡವಿದೆ. ಅದರ ಮೇಲೆ ಮುಂಜಾನೆ ಸಂಜೆ ಜನ ಅಡ್ಡಾಡುವ ಕಾಲುದಾರಿಗಳಿವೆ. ಆ ದಾರಿಯ ಯಾವ ತಿರುವಿನಿಂದ ನೋಟ ಚೆಂದ, ಎಲ್ಲಿ ಬೆಂಚು ಹಾಕಬೇಕು, ಯಾವ ಕಡೆ ಏನೂ ಕಟ್ಟಗೊಡಬಾರದು ಎಂದು ನಕ್ಷೆ ಮಾಡಿಕೊಡುವ ಕೆಲಸ ನಮ್ಮ ಕಚೇರಿಗೆ ಬಂತು. ಬರೇ ನೋಡುವ ಕೆಲಸ, ಇದರಲ್ಲಿ ಮಾನ ಹೋಗುವಂಥದ್ದೇನಿದೆ ಎಂದುಕೊಂಡು ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ.

ಎಮ್ಮೆ

ಕೆಲಸ ಸಿಕ್ಕ ವಾರವೇ ಹೆಂಡತಿಯ ಜೊತೆ ದುರ್ಗದಬೈಲಿನ ಪೇಟೆಗೆ ಹೋಗಿದ್ದೆ. ಅಲ್ಲಿ ಸಾಲಿಯಲ್ಲಿ ನನ್ನ ಜೊತೆ ಕಲಿತ ಗೆಳೆಯನದೊಂದು ಅರಿವೆ ಅಂಗಡಿ. ಅಂಗಡಿ ತುಂಬ ಗಿರಾಕಿಗಳು. ಗೆಳೆಯ ಸೀರೆ ಬಿಚ್ಚಿ ಹರವುತ್ತಲೇ ಕೇಳಿದ: "ಈಗೇನ್ ಮಾಡಾಕತ್ತೀಪಾ?"

ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ: "ಗುಡ್ಡದ ಮ್ಯಾಲಿಂದ ಏನೇನ ಕಾಣಸ್ತೈತಿ ಅಂತ ಹೇಳೂ ಕೆಲಸ."

"ಗುಡ್ಡಾ ಹತ್ತತೀಯೇನ ದಿನಾ?"

"ಇಲ್ಲೋ, ಆಫೀಸಿನ್ಯಾಗ ಕುಂತಲ್ಲೇ ಗೊತ್ತಾಗ್ತೈತಿ."

ಗೆಳೆಯ ಸೀರೆ ಬಿಟ್ಟು ಇಡೀ ಅಂಗಡಿಗೆ ಕೇಳುವಂತೆ, "ನೋಡ್ರಿ, ಇಂವ ಕುಂತಲ್ಲೇ ದೂರದ್ದೆಲ್ಲಾ ಕಾಣತಾನಂತ!" ಎಂದ. ಅವನು ಹೇಳಿದ್ದು ತಮಾಷೆಗೆ. ಆದರೆ ಹಳ್ಳಿಯಿಂದ ಮದುವೆ ಜವಳಿಗೆ ಬಂದಿದ್ದ ಒಬ್ಬ ಹಿರಿಯರು ಚಪ್ಪಲಿ ಬಿಟ್ಟು ನನ್ನ ಮುಂದೆ ಬಂದು ಕೈಮುಗಿದು ನಿಂತರು. "ಸ್ವಾಮ್ಯಾರ, ಅಂಜನಾ ಹಾಕತೀರೇನ್ರಿ? ನಮ್ಮ ಎಮ್ಮಿ ಕಳದೈತ್ರಿ."

ನನ್ನ ಹೆಂಡತಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಂಜನ ಅಲ್ಲ, ಇದು ಶಾಸ್ತ್ರೀಯವಾದ ಲೆಕ್ಕ, ಯಾವ ಜಾಗ ಕಾಣುತ್ತದೆ ಯಾವ ಜಾಗ ಕಾಣುವುದಿಲ್ಲ ಎಂದಷ್ಟೇ ಹೇಳಬಲ್ಲೆ, ಎಮ್ಮೆ ಹುಡುಕಲಾರೆ ಎಂದು ಬೆವರೊರೆಸಿಕೊಳ್ಳುತ್ತ ತಿಳಿಸಿ ಹೇಳಿದೆ. ಹಿರಿಯರು ಸಮಾಧಾನದಿಂದ ಕೇಳಿಸಿಕೊಂಡರು.

"ಹಂಗಾರ ಕಾಣದ ಜಾಗಾನ ಹೇಳ್ರಿ. ಕಾಣೂ ಜಾಗಾದಾಗೆಲ್ಲಾ ನಾವು ಹುಡಕೇವಿ."

ನೋಟ ಕೆಡಿಸುವ ವಸ್ತು

ಕಂಪ್ಯೂಟರ್ ಹೇಳಿದ್ದು ಖರೆಯೋ ಸುಳ್ಳೋ ಎಂದು ಜಾಗಕ್ಕೆ ಹೋಗಿ ನೋಡಬೇಕಾಗುತ್ತದೆ. ಹಾಗೆ ಒಂದು ದಿನ ಗುಡ್ಡ ಹತ್ತಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಕೊರಳಿಗೆ ದುರ್ಬೀನು ಹಾಕಿಕೊಂಡು ಕೆಳಗಿನ ಬೆಂಗೇರಿ ಓಣಿಗಳ ಕಡೆ ಮುಖ ಮಾಡಿ ನಿಂತಿದ್ದೆ. ನೋಟದೊಳಗೆ ಕಣ್ಣಿಗೆ ಚುಚ್ಚುವಂಥದ್ದೇನಾದರೂ ಬಂದರೆ, ಅಂದರೆ ತಗಡಿನ ಶೆಡ್ಡು, ಮೊಬೈಲ್ ಟವರು ಇತ್ಯಾದಿ, ಫೋಟೋ ತೆಗೆದು ಅದರ ಮೇಲೆ ಬಾಣದ ಗುರುತು ಹಾಕಿ ಬರೆಯಬೇಕು. ಒಂದು ಮನೆಯ ಮಾಳಿಗೆಯ ಮೇಲೆ ಕಡುನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹರವಿತ್ತು. ಒಬ್ಬ ಹೆಣ್ಣುಮಗಳು ಅದರ ಮೇಲೆ ಸಂಡಿಗೆ ಇಡುತ್ತಿದ್ದಳು. ಫೋಟೋ ತೆಗೆದೆ. ಆಕೆ ಎದ್ದು ನಿಂತು ನನ್ನ ಕಡೆ ಜೋರಾಗಿ ಕೈ ಬೀಸಿದಳು.

ನಮ್ಮ ಕಡೆಯ ಜನ ಎಷ್ಟು ಒಳ್ಳೆಯವರು, ಗುಡ್ಡದ ಮೇಲಿನವನನ್ನೂ ಮಾತಾಡಿಸುತ್ತಾರಲ್ಲ ಎಂದು ಖುಷಿಯಾಗಿ ನಾನೂ ಕೈ ಬೀಸಿದೆ. ಆಕೆ ಎರಡೂ ಕೈ ಬೀಸಿದಳು. ನಾನೂ ಎರಡೂ ಕೈ ಬೀಸಿದೆ.

ಫೋಟೋವನ್ನು ಲ್ಯಾಪ್‌ಟಾಪಿಗೆ ಇಳಿಸಿ ಬಾಣದ ಗುರುತು ಹಾಕಿ ಮುಗಿಸುವಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳ ಒಂದು ಗುಂಪು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂತು. ಮುಂದೆ ಅದೇ ಸಂಡಿಗೆಯವಳು.

"ಇಂವನ ನೋಡ್ರಿ! ದುರ್ಬೀನ ಹಚ್ಚಿ ನೋಡೂದಲ್ದ, ಹೋಗೋ ಅಂತ ಕೈ ಮಾಡಿದ್ರ ತಿರುಗಿ ಕೈ ಮಾಡತಾನ!"

ನಾನು ದುರ್ಬೀನನ್ನು ಕೊರಳಿನಿಂದ ತೆಗೆದೆ. "ಇಲ್ರಿ ಅಕ್ಕಾರ, ನಾನು ನಿಮ್ಮನ್ನ ನೋಡಾಕತ್ತಿಲ್ರಿ, ಸರಕಾರದ ಕೆಲಸಾರಿ, ಊರಿನ ಚೆಂದ ನೋಡಾಕತ್ತೇನ್ರಿ."

"ಹಂಗಾರ ತೋರ್ಸು, ಏನ ಫೋಟೋ ತಗದೀ."

ತೋರಿಸದಿದ್ದರೆ ಪೋಲೀಸರು ಬರುತ್ತಿದ್ದರು. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ನನ್ನ ಗ್ರಹಚಾರಕ್ಕೆ ಕೊನೆಯ ಫೋಟೋನೇ ಮೇಲೆ ಬಂತು. ತಾಡಪತ್ರಿಗೆಂದು ನಾನು ಹಾಕಿದ್ದ ಬಾಣದ ಮೊನೆ ಒಂದು ಕೂದಲೆಳೆಯಷ್ಟು ಜರುಗಿ, ಬಗ್ಗಿ ಸಂಡಿಗೆ ಇಡುತ್ತಿದ್ದ ಆ ಹೆಣ್ಣುಮಗಳ ನೆತ್ತಿಗೆ ಚುಚ್ಚಿತ್ತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ: "ನೋಟ ಕೆಡಿಸುವ ವಸ್ತು."

ಆಕೆ ಅದನ್ನು ನಿಧಾನಕ್ಕೆ ಓದಿದಳು. ಆಮೇಲೆ ಇನ್ನೊಮ್ಮೆ ಓದಿದಳು. ಜಗಳಕ್ಕೆಂದು ಬಂದವಳ ದನಿ ಒಮ್ಮೆಲೇ ಸಣ್ಣದಾಯಿತು.

"ನಮ್ಮ ಮನಿಯವರು ಏನೇನೋ ಅಂದಾರ್ರಿ. ಆದ್ರ ಇಷ್ಟ ಸ್ಪಷ್ಟ ಅವರೂ ಅಂದಿಲ್ಲ."

ಆ ದಿನ ನಾನು ಬೆಂಗೇರಿಯ ದಾರಿ ಬಿಟ್ಟು ಸುತ್ತು ಹಾಕಿ ಮನೆ ಸೇರಿದೆ. ಮರುದಿನ ಆ ಫೋಟೋ ಅಳಿಸಿ, ತಾಡಪತ್ರಿಯನ್ನು ಸುಂದರ ನೋಟದ ಪಟ್ಟಿಗೆ ಸೇರಿಸಿದೆ.

ಕೆರೆಯ ನೋಟ

ಇಡೀ ದಾರಿಯಲ್ಲಿ ಅತಿ ಚೆಂದದ ನೋಟ ಯಾವ ತಿರುವಿನದು ಎಂದು ಕಂಪ್ಯೂಟರನ್ನು ಕೇಳಿದಾಗ, ಅದು ಒಂದು ತಿರುವು ತೋರಿಸಿ, ಇಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ ಅಂದಿತು. ನಾನೇ ಹೋಗಿ ನೋಡಿ ಬರಬೇಕಿತ್ತು. ಆದರೆ ಸಂಡಿಗೆಯ ಪ್ರಸಂಗವಾದ ಮೇಲೆ ಆ ಕಡೆ ಕಾಲೇ ಏಳದೆ, ಕಂಪ್ಯೂಟರ್ ಹೇಳಿದ್ದನ್ನೇ ಬರೆದು ಕಳಿಸಿಬಿಟ್ಟೆ. ಬೆಂಚು ಹಾಕಿದವರು ಬೆಂಚು ನೆಟ್ಟಗೆ ಕೂತಿದೆಯೋ ಎಂದು ನೋಡಿದರೇ ವಿನಾ ಅದರ ಎದುರಿಗೆ ಏನಿದೆಯೆಂದು ನೋಡಲಿಲ್ಲ. "ಕೆರೆಯ ನೋಟ" ಎಂದು ಫಲಕವೂ ಬಂತು.

ಉದ್ಘಾಟನೆಗೆ ನಮ್ಮ ಕಚೇರಿಯ ಸಾಹೇಬರು, ಊರಿನ ಗಣ್ಯರು, ದಿನಾ ಗುಡ್ಡ ಹತ್ತುವ ನಿವೃತ್ತರು ಎಲ್ಲ ಸೇರಿದರು. ಸಾಹೇಬರು ಕೆರೆಯ ಸೊಬಗಿನ ಮೇಲೆ ಉದ್ದಕ್ಕೆ ಮಾತಾಡಿ, ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಈ ನೋಟ ಇಷ್ಟು ದಿನ ಯಾಕೆ ಕಂಡಿರಲಿಲ್ಲವೋ ಎಂದು ಆಶ್ಚರ್ಯಪಟ್ಟು, ಮುಖ್ಯ ಅತಿಥಿಗಳನ್ನು ಬೆಂಚಿನ ಮೇಲೆ ಕೂಡ್ರಿಸಿದರು.

ಎದುರಿಗೆ ಒಂದು ಅಪಾರ್ಟ್‌ಮೆಂಟಿನ ಹಿಂಬದಿ ನಿಂತಿತ್ತು. ಕೆರೆ ಅದರ ಆಚೆ ಎಲ್ಲೋ ಇತ್ತು. ಉಪಗ್ರಹ ನೆಲದ ಎತ್ತರ ಅಳೆದಾಗ ಆ ಕಟ್ಟಡ ಹುಟ್ಟಿರಲಿಲ್ಲ. ಅದನ್ನು ಆ ಗಳಿಗೆಯಲ್ಲಿ ಯಾರಿಗೆ ಹೇಳುವುದು? ನಮ್ಮ ಕಣ್ಣ ಮುಂದೆ ಇದ್ದದ್ದು ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಬಚ್ಚಲಿನ ಕಿಟಕಿಗಳು, ಮತ್ತು ಅವುಗಳಿಂದ ಇಳಿದು ಬಂದ ದಪ್ಪ ದಪ್ಪ ಪೈಪುಗಳು. ಸಾಹೇಬರು ನನ್ನ ಕಡೆ ನೋಡಿದರು. ನಾನು ನನ್ನ ಬೂಟಿನ ಕಡೆ ನೋಡಿದೆ. ಗುಡ್ಡದ ಮೇಲೆ ಅಡಗಿಕೊಳ್ಳಲು ಒಂದು ಗಿಡವೂ ಇಲ್ಲವಲ್ಲ ಅನಿಸಿತು.

ಕೊನೆಗೆ ನಿವೃತ್ತರೊಬ್ಬರಿಗೆ ನನ್ನ ಮೇಲೆ ಕರುಣೆ ಬಂದಿರಬೇಕು. ಕನ್ನಡಕ ಸರಿಮಾಡಿಕೊಂಡು ಬಹಳ ಮೃದುವಾಗಿ ಹೇಳಿದರು: "ಇರ್ಲಿ ಬಿಡ್ರಿ ಸಾಹೇಬ್ರ, ಕೆರಿ ಕಾಣಸದಿದ್ರೂ ಕೆರಿಗೆ ನೀರು ಎಲ್ಲಿಂದ ಬರತೈತಿ ಅನ್ನೂದಾದ್ರೂ ಕಾಣಸ್ತೈತಲ್ಲ."

ಗುಲಾಬಿ ಬಣ್ಣ

ಇಷ್ಟಾದ ಮೇಲೆ ಸಾಹೇಬರು, "ಇನ್ನ ಮ್ಯಾಲ ಮಂದಿನ್ನ ಕೇಳಿ ಕೆಲಸಾ ಮಾಡೂಣು. ನಕ್ಷಾ ದೊಡ್ಡದಾಗಿ ಛಾಪಿಸಿ ಗುಡ್ಡದ ಬುಡದಾಗ ಹಚ್ಚರಿ," ಎಂದರು. ದಾರಿಯಿಂದ ಕಾಣುವ ಜಾಗವೆಲ್ಲ ಹಸಿರು, ಕಾಣದ ಜಾಗವೆಲ್ಲ ಗುಲಾಬಿ. ಕೆಳಗೆ, "ಗುಲಾಬಿ ಬಣ್ಣದ ಸ್ಥಳಗಳು ದಾರಿಯ ಯಾವ ತಿರುವಿನಿಂದಲೂ ಯಾರಿಗೂ ಕಾಣುವುದಿಲ್ಲ" ಎಂದು ನಾನೇ ಅಚ್ಚುಕಟ್ಟಾಗಿ ಬರೆದೆ.

ಅದನ್ನು ಓದಿ ಜನ ಏನು ಮಾಡಿಯಾರು ಎಂದು ಬರೆಯುವಾಗ ಹೊಳೆಯಲಿಲ್ಲ. ಕೆಲವೇ ದಿನಗಳಲ್ಲಿ ಗುಡ್ಡಕ್ಕೆ ಬರುವವರ ಸಂಖ್ಯೆ ವಿಪರೀತ ಏರಿತು. ದಾರಿಯ ಮೇಲೆ ಮಾತ್ರ ಯಾರೂ ಇಲ್ಲ. ಕಾಲೇಜಿನ ಹುಡುಗ ಹುಡುಗಿಯರು ನಕ್ಷೆಯ ಫೋಟೋ ತೆಗೆದುಕೊಂಡು ನೆಟ್ಟಗೆ ಗುಲಾಬಿಗೆ ಹೋಗುತ್ತಿದ್ದರು. ನಿವೃತ್ತರು ದೂರು ಕೊಟ್ಟರು. ಒಂದು ರವಿವಾರ ಸಾಹೇಬರು, "ನಡೀರಿ, ನಿಮ್ಮ ಗುಲಾಬಿ ತ್ವಾಟಾ ನೋಡಿ ಬರೂಣು," ಎಂದು ನನ್ನನ್ನು ಎಳೆದುಕೊಂಡು ಹೊರಟರು.

ಗುಡ್ಡದ ಹಿಂಬದಿಗೆ ದೊಡ್ಡ ಬಂಡೆಯೊಂದರ ಮರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಲಾಬಿ ಜಾಗ. ಹತ್ತಿರ ಹೋಗುತ್ತಿದ್ದಂತೆ ಆಚೆಯಿಂದ ಹೆಣ್ಣುದನಿ ಕೇಳಿಸಿತು. ಪ್ರೇಮದ ದನಿಯಲ್ಲ.

"ಚಹಾ ಬಿಸಿ ಕೊಟ್ರ ನಾಲಿಗಿ ಸುಡ್ತು ಅಂತೀರಿ. ಆರಿಸಿ ಕೊಟ್ರ ಕಲಗಚ್ಚ ಅಂತೀರಿ. ಹೆಂಗ ಕುಡೀತೀರಿ ಹೇಳ್ರಿ ಇವತ್ತ! ಇನ್ನ ಆ ನಿಮ್ಮ ತಮ್ಮ. ಮುಂಜಾನೆ ಬಚ್ಚಲಾ ಹೊಕ್ಕಾಂವ ಹೊರಗ ಬರೂದ ಇಲ್ಲ. ಮನಿ ಮಂದಿ ಎಲ್ಲಾ ಬಾಗಲಾ ಕಾಯಬೇಕು. ಆಮ್ಯಾಲ ಆಫೀಸಿಗೆ ಹೋಗಿ, ದಾರ್‍ಯಾಗ ಗಾಡಿ ಪಂಕ್ಚರ್ ಆತು ಅಂತ ಸುಳ್ಳ ಹೇಳತಾನಂತ!"

ಸಾಹೇಬರು ಹೆಜ್ಜೆ ನಿಲ್ಲಿಸಿ ನನ್ನತ್ತ ತಿರುಗಿದರು. "ಇವರ ಮನ್ಯಾಗೂ ನಿಮ್ಮಂಥಾಂವ ಒಬ್ಬಾಂವ ಅದಾನ ನೋಡ್ರಿ."

ನನ್ನಂಥವನಲ್ಲ, ನಾನೇ. ದನಿ ನಮ್ಮ ವೈನಿಯದು, ಅಣ್ಣನ ಹೆಂಡತಿಯದು.

ಕಮರಿಪೇಟೆಯ ನಮ್ಮ ಮನೆಯಲ್ಲಿ ಅವ್ವ, ಅಣ್ಣ, ವೈನಿ, ನಾವು, ಮಕ್ಕಳು ಎಲ್ಲ ಒಟ್ಟಿಗೆ ಇರುವವರು. ಖೋಲಿಗಳ ನಡುವೆ ಬಾಗಿಲಿಗಿಂತ ಪರದೆಗಳೇ ಹೆಚ್ಚು. ಅಣ್ಣ ವೈನಿ ಒಬ್ಬರಿಗೊಬ್ಬರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ. ಓಣಿಯಲ್ಲಿ ಯಾವ ಗಂಡ ಹೆಂಡತಿ ಜಗಳಾಡಿದರೂ ಹಿರಿಯರು ಇವರನ್ನೇ ತೋರಿಸುತ್ತಾರೆ. ನನ್ನ ಹೆಂಡತಿಯೂ ತೋರಿಸುತ್ತಾಳೆ.

ನಾನು ಹಿಂದೆ ಸರಿಯುವುದರೊಳಗೆ ಸಾಹೇಬರು, "ಯಾರ್ರೀ ಅದು, ಹೊರಗ ಬರ್ರಿ!" ಎಂದು ಗದರಿಬಿಟ್ಟರು. ಬಂಡೆಯ ಆಚೆಯಿಂದ ಮೊದಲು ಅಣ್ಣನ ಟೋಪಿ, ಆಮೇಲೆ ಅಣ್ಣ, ಅವನ ಹಿಂದೆ ಗಿರಮಿಟ್ ಚುರಮುರಿಯ ಪೊಟ್ಟಣ ಹಿಡಿದ ವೈನಿ ಬಂದರು. ಅಣ್ಣನ ಮುಖ ಕಾಲೇಜಿನ ಹುಡುಗನ ಮುಖದ ಹಾಗಾಗಿತ್ತು. ನನ್ನದು ಅದಕ್ಕಿಂತ ಕೆಟ್ಟಿತ್ತು.

"ನೀವ ಇಲ್ಲಿ ಏನ್ ಮಾಡಾಕತ್ತೀರಿ?" ಎಂದು ಕೇಳಿದೆ, ಬೇರೇನೂ ತೋಚಲಿಲ್ಲ.

ಅಣ್ಣ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಜಗಳಾ ಆಡಾಕ ಬಂದಿದ್ವಿ. ನಿನ್ನ ನಕ್ಷಾದಾಗ ಯಾರಿಗೂ ಕಾಣೂದಿಲ್ಲ ಅಂತ ಬರದಿತ್ತು."

"ಅದನ್ನ ಮನ್ಯಾಗ ಆಡಬೇಕಿಲ್ಲೋ?"

"ಮನ್ಯಾಗ ಎಲ್ಲಿ?" ಎಂದಳು ವೈನಿ. "ಪರದಿ ಈ ಕಡೆ ಅತ್ತಿಯವರು, ಆ ಕಡೆ ನೀವು. ಮದ್ವಿಯಾದಾಗಿಂದ ಒಂದ ಮಾತು ಜೋರಾಗಿ ಆಡಿಲ್ಲ. ಎಲ್ಲಾ ಕೂಡಿಟ್ಟೇನಿ. ಈಗ ರವಿವಾರಕ್ಕೊಮ್ಮೆ ಬಂದು ಹಳೇವು ಮೊದಲ ಮುಗಸಾಕತ್ತೇವಿ. ಈಗಿನ್ನೂ ನಿಮ್ಮ ಲಗ್ನದ ವರ್ಷದ ತನಕಾ ಅಷ್ಟ ಬಂದೇವಿ."

ಇಷ್ಟು ವರ್ಷ ಅವರ ಮೌನವನ್ನು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಅವರಿಗೆ ಬಾಯಿಬಿಡಲು ಒಂದು ಮೂಲೆ ಇಲ್ಲ ಎಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಚ್ಚಲಿನಲ್ಲಿ ಅರ್ಧ ಮುಂಜಾನೆ ಕಳೆಯುವ ನನಗಂತೂ ಅವರ ಮುಖ ನೋಡಲಾಗಲಿಲ್ಲ. ಸಾಹೇಬರೂ ಮೆತ್ತಗಾದರು. "ತಪ್ಪಾತ್ರಿ ತಾಯಿ, ನಾವು ಹೊಂಟ್ವಿ. ನೀವು ಮುಂದುವರಸ್ರಿ," ಎಂದು ಕೈ ಜೋಡಿಸಿದರು.

ವೈನಿಗೆ ಈಗ ಧೈರ್ಯ ಬಂದಿತ್ತು. "ನಿಂದರ್‍ರಿ ಸಾಹೇಬ್ರ. ನಿಮ್ಮ ನಕ್ಷಾ ಅರ್ಧಾ ಆಗೈತ್ರಿ. ಕಾಣದ ಜಾಗಾ ತೋರಿಸೀರಿ, ಛಲೋ ಆತು. ಕೇಳಸದ ಜಾಗಾ ಎಲ್ಲೈತಿ ಅದನ್ನೂ ತೋರಿಸ್ರಿ. ಇಷ್ಟ ದೂರ ಬಂದೂ ಸಣ್ಣ ದನೀಲೆ ಜಗಳಾ ಆಡೂದಂದ್ರ ಹೆಂಗ್ರಿ?"

ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಳ್ಳುತ್ತಿರುವಾಗಲೇ ಪಕ್ಕದ ಬಂಡೆಯ ಹಿಂದಿನಿಂದ, ನಮಗೆ ಕಾಣದ ಯಾರೋ ಒಬ್ಬ ಹೆಣ್ಣುಮಗಳ ದನಿ ಬಂತು:

"ಅಕ್ಕಾರ, ಆ ಚಹಾದ ಮಾತಿನ್ಯಾಗ ನಿಮ್ದ ಖರೇ ಐತ್ರಿ. ನಮ್ಮವರದೂ ಸೇಮ್ ಐತಿ."