ಚಾಚಾ ಸೋಸಿದ ನೀರು

ನಮ್ಮ ಲ್ಯಾಬಿನ ಚಾಚಾ ಧೂಳು ನೋಡಿ ಊರು ಹೇಳಬಲ್ಲರು! ನಂಬಿಕೆ ಬರುವುದಿಲ್ಲವೇ? ಕೊಪ್ಪಳಕ್ಕೆ ಬಂದು ನಮ್ಮ ಲ್ಯಾಬಿನ ಹೊಸ್ತಿಲ ಮೇಲೆ ಒಂದು ಗಳಿಗೆ ನಿಲ್ಲಿ. ನಿಮ್ಮ ಮುಖಕ್ಕಿಂತ ಮೊದಲು ಅವರು ನೋಡುವುದು ನಿಮ್ಮ ಚಪ್ಪಲಿಯನ್ನು. ಕೆಂಪಗಿದ್ದರೆ "ಕುಷ್ಟಗಿ ಕಡೀಂದ ಬಂದೀರೇನ್ರಿ?" ಕಪ್ಪಗಿದ್ದರೆ "ಯಲಬುರ್ಗಾದ ಎರಿ ಹೊಲ ಹೊಕ್ಕು ಬಂದೀರಿ." ತೋಳಿನ ಮೇಲೆ ಹೊಟ್ಟು ಕಂಡರೆ ಕೇಳುವುದೇ ಬೇಡ, ಗಂಗಾವತಿಯ ರೈಸ್ ಮಿಲ್ಲು! ಒಮ್ಮೆ ನಮ್ಮ ಮೇಲಧಿಕಾರಿ ತಡವಾಗಿ ಬಂದು "ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದೆ" ಎಂದಾಗ, ಚಾಚಾ ಅವರ ಬೂಟನ್ನೇ ನೋಡುತ್ತ, "ಮೀಟಿಂಗು ಇರಕಲ್ಲಗಡದ ತ್ವಾಟದಾಗ ಇತ್ತೇನ್ರಿ ಸರ್?" ಎಂದುಬಿಟ್ಟರು. ಅಧಿಕಾರಿಗಳ ಹೊಸ ತೋಟ ಎಲ್ಲಿದೆಯೆಂದು ನಮಗೆ ಗೊತ್ತಾಗಿದ್ದು ಹಾಗೆ.

ಚಾಚಾ ಕುಕನೂರಿನವರು. ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿ, ಹಾಲು, ಎಣ್ಣೆ, ಔಷಧಿಗಳ ಪರೀಕ್ಷೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಲ್ಯಾಬಿನಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಹೆಚ್ಚು ಹೆದರುವವರು. ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ನೋಡಲು ತಿರುಗಿ ಬರುವವರು. ಬಂದು ನೋಡಿ, ಬಸ್ ತಪ್ಪಿಸಿಕೊಂಡು, "ಬೀಗ ಛಲೋ ಐತಿ" ಎಂದು ಸಮಾಧಾನಪಡುವವರು!

ಇಂಥವರಿದ್ದ ಲ್ಯಾಬಿಗೆ ಲೇಸರ್ ಬೆಳಕು ಚದುರಿಸಿ ಕಣಗಳನ್ನು ಅಳೆಯುವ ಯಂತ್ರ ಬಂತು. ಮೂರು ವರ್ಷ ಅರ್ಜಿ ಬರೆದು ಬರೆದು ಅದನ್ನು ತರಿಸಿದವರು ಚಾಚಾ ಅವರೇ. ಯಂತ್ರ ನಡೆಸಲು ಕೈಯಾರೆ ಕಲಿಸುವ ಮೂರು ದಿನದ ತರಬೇತಿ, ಕಲಿಯುವವರು ಇಬ್ಬರು: ಚಾಚಾ ಮತ್ತು ನಾನು. ಮೂರನೆಯ ದಿನ ಪರೀಕ್ಷೆ. ಪಾಸಾದವರು ಮಾತ್ರ ಯಂತ್ರ ಮುಟ್ಟಬೇಕು. ನಾನು ಗುತ್ತಿಗೆಯವಳು. ಗುತ್ತಿಗೆ ಮುಗಿಯಲು ಹದಿನೈದೇ ದಿನ ಉಳಿದಿತ್ತು. "ಪಾಸಾದರೆ ನಿಮ್ಮನ್ನು ಮುಂದುವರಿಸುತ್ತೇವೆ, ಇಲ್ಲದಿದ್ದರೆ ನಮ್ಮ ಕೈಯಲ್ಲಿಲ್ಲ" ಎಂದು ಅಧಿಕಾರಿಗಳು ಹೇಳಿಯಾಗಿತ್ತು. ನಮ್ಮ ಮನೆಯಲ್ಲಿ ಸಂಬಳ ತರುವ ಕೈ ನನ್ನದೊಂದೇ.

ನನ್ನ ಹೆದರಿಕೆ ಹೊಟ್ಟೆಯೊಳಗಿತ್ತು, ಚಾಚಾ ಅವರದು ಬೀದಿಗೆ ಬಂತು. ಧೂಳು ಏಳಬಾರದೆಂದು ಮೊದಲ ದಿನ ಬೆಳಿಗ್ಗೆಯೇ ಲ್ಯಾಬಿನ ಮುಂದಿನ ರಸ್ತೆಗೆ ಇಪ್ಪತ್ತು ಕೊಡ ನೀರು ಹೊಡೆದರು. ಧೂಳೇನೋ ಏಳಲಿಲ್ಲ. ಮೈಸೂರಿನ ಕಡೆಯಿಂದ ಬಂದ ತರಬೇತಿಯ ಮೇಡಂ ಆಟೋದಿಂದ ಇಳಿದವರೇ ಬಿಳಿ ಬೂಟಿನ ಸಮೇತ ಕೆಸರಿನಲ್ಲಿ ಹೂತುಕೊಂಡರು! ಚಾಚಾ ಓಡಿಹೋಗಿ ಬಗ್ಗಿ ನೋಡಿ, "ಹೆದರಬ್ಯಾಡ್ರಿ ಮೇಡಂ, ಇದು ನಮ್ಮ ಊರಿನ ಮಣ್ಣು, ತೊಳದ್ರ ಹೋಗ್ತೈತಿ" ಎಂದರು.

ಮೇಡಂ ಒಳ್ಳೆಯವರು, ನಕ್ಕರು. ಪಾಠವನ್ನೂ ಸರಳವಾಗಿಯೇ ಹೇಳಿದರು. ನೀರಿನಲ್ಲಿ ತೇಲುವ ಕಣಗಳು ಸುಮ್ಮನಿರುವುದಿಲ್ಲ, ಸದಾ ಅಲುಗಾಡುತ್ತವೆ. ಸಣ್ಣವು ಚುರುಕಾಗಿ, ದೊಡ್ಡವು ನಿಧಾನವಾಗಿ. ಲೇಸರ್ ಬಿಟ್ಟರೆ ಅವುಗಳಿಂದ ಚದುರಿದ ಬೆಳಕು ಮಿನುಗುತ್ತದೆ. ಆ ಮಿನುಗನ್ನು ನೋಡಿಯೇ ಯಂತ್ರ ಕಣದ ಗಾತ್ರ ಹೇಳುತ್ತದೆ. "ಆದರೆ ಒಂದು ಧೂಳಿನ ಕಣ ಒಳಗೆ ಹೋದರೂ ಅದರ ಬೆಳಕೇ ಎಲ್ಲವನ್ನೂ ನುಂಗಿಬಿಡುತ್ತೆ. ಅಳತೆ ಹಾಳು. ಇಡೀ ಕೆಲಸದ ಶತ್ರು ಧೂಳು ಕಣ್ರೀ" ಎಂದರು. ಚಾಚಾ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ತಮ್ಮನ್ನು ನೋಡಿ ನಕ್ಕವರಿಗೆಲ್ಲ ಉತ್ತರ ಸಿಕ್ಕಿತೆನ್ನುವ ಮುಖ!

ಅಲ್ಲಿಂದ ಅವರನ್ನು ಹಿಡಿಯುವವರು ಯಾರು? ಹೆಬ್ಬೆರಳಷ್ಟು ಎತ್ತರದ ಚೌಕ ಗಾಜಿನ ಕೊಳವೆಗೆ ದ್ರಾವಣ ತುಂಬಿ ಯಂತ್ರದೊಳಗೆ ಇಳಿಸಬೇಕು, ಅಷ್ಟೇ ಕೆಲಸ. ಚಾಚಾ ಅದನ್ನು ಇಳಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಮುಚ್ಚಳ ಮುಚ್ಚಿದ ಮೇಲೂ ಬಿಡುತ್ತಿರಲಿಲ್ಲ. ಲೇಸರನ್ನು ನೇರವಾಗಿ ನೋಡಬಾರದೆಂದು ಮೇಡಂ ಎಚ್ಚರಿಸಿದ್ದರಿಂದ ಕಣ್ಣನ್ನೂ ಮುಚ್ಚಿಕೊಳ್ಳುತ್ತಿದ್ದರು.

"ಸಾರ್, ಮುಚ್ಚಳ ಹಾಕಿದೆ. ಕಣ್ಣು ಬಿಡಿ" ಎಂದರು ಮೇಡಂ.

"ಇರ್ಲಿ ಬಿಡ್ರಿ, ನಾ ಹಿಂಗ ಆರಾಮ ಅದೀನಿ."

"ಪರದೆ ಮೇಲೆ ಅಳತೆ ಬಂದಿದೆ, ಓದಬೇಕಲ್ಲ!"

"ನೀವ ಓದಿ ಹೇಳ್ರಿ, ನಾ ಬರ್ಕೋತೀನಿ" ಎಂದು, ಕಣ್ಣು ಮುಚ್ಚಿಕೊಂಡೇ ಪೆನ್ನಿಗಾಗಿ ತಡಕಾಡಿದರು.

ನಾನು ಬಿದ್ದು ಬಿದ್ದು ನಕ್ಕೆ. ನನ್ನ ಸರದಿ ಬಂದಾಗ ನಗು ಆರಿತು. ಅವಸರದಲ್ಲಿ ಸುರಿದಿದ್ದಕ್ಕೆ ದ್ರಾವಣದಲ್ಲಿ ಗುಳ್ಳೆ ಎದ್ದವು, ಅಳತೆ ಎಲ್ಲೆಲ್ಲಿಗೋ ಹೋಯಿತು. ಎರಡನೆಯ ಸಲವೂ ಅದೇ ಕಥೆ. ಚಾಚಾ ತಮ್ಮ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

ಇನ್ನು ಎರಡನೆಯ ದಿನದ ಕಥೆ. ಬೆರೆಸುವ ನೀರಿನಲ್ಲಿ ಧೂಳಿರಬಾರದಲ್ಲ, ಅದಕ್ಕೆ ಗುಂಡಿಯಷ್ಟು ಪುಟ್ಟ ಸೋಸುಬಿಲ್ಲೆಗಳಿರುತ್ತವೆ. ಸಿರಿಂಜಿನ ತುದಿಗೆ ಒಂದನ್ನು ಸಿಕ್ಕಿಸಿ ಹೆಬ್ಬೆರಳಿನಿಂದ ಒತ್ತಬೇಕು, ನೀರು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನಾಲ್ಕು ಚಮಚ ಇಳಿಯುವಷ್ಟರಲ್ಲಿ ಬಿಲ್ಲೆ ಕಟ್ಟಿಕೊಂಡುಬಿಡುತ್ತದೆ. ಪರೀಕ್ಷೆಗೆಂದು ಮೇಡಂ ತುಂಬಿದ ಡಬ್ಬಿಯನ್ನೇ ತಂದಿದ್ದರು. ಆ ಸಂಜೆ ತೆರೆದರೆ ಒಳಗೆ ಒಂದೇ ಒಂದು ಬಿಲ್ಲೆ!

"ಉಳಿದಿದ್ದೆಲ್ಲ ಎಲ್ಲಿ?" ಎಂದರು ಮೇಡಂ.

ಚಾಚಾ ಮೇಡಂ ಮುಂದಿದ್ದ ಲೋಟವನ್ನು ನೋಡಿದರು. ನಾನೂ ನೋಡಿದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಮಾತು ಆಮೇಲೆ. ಚಾಚಾ ಎರಡು ದಿನದಿಂದ ಮೇಡಂಗೆ ತಪ್ಪದೆ ನೀರು ಕೊಟ್ಟಿದ್ದರು.

"ನಮ್ಮೂರ ನೀರು ಗಡಸು ಅದಾವ್ರಿ. ನಿಮಗ ಹೊಟ್ಟಿ ಕೆಟ್ಟಿತಂದ್ರ ಟ್ರೇನಿಂಗ್ ನಿಂತ ಹೋಗ್ತೈತಿ, ಪಾಪ ಈ ಹುಡುಗಿ ನೌಕರಿ ಹೋಗ್ತೈತಿ. ಅದಕ್ಕ ಸೋಸಿ ಕೊಟ್ಟೀನ್ರಿ."

"ಕುಡಿಯೋ ನೀರನ್ನು... ಸಿರಿಂಜಲ್ಲಿ?" ಮೇಡಂ ಲೋಟವನ್ನು ದೂರ ಸರಿಸಿದರು. "ಸಾರ್, ನೀರಿನ ಗಡಸು ಇದರಿಂದ ಹೋಗೋದೇ ಇಲ್ಲ!"

"ಧೂಳರ ಹೋತಲ್ರಿ" ಎಂದರು ಚಾಚಾ.

ನನಗೆ ನಗು ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ಹೊಸ ಡಬ್ಬಿ ಬರಲು ವಾರ ಬೇಕು, ಮೇಡಂ ಹೊರಡುವುದು ಮರುದಿನ. ಈ ಮನುಷ್ಯನ ಅತಿ ಕಾಳಜಿಯಿಂದಲೇ ನನ್ನ ಅನ್ನ ಹೋಗುತ್ತದಲ್ಲಾ ಎಂದು ಅವರ ಕಡೆ ತಿರುಗಿಯೂ ನೋಡದೆ ಮನೆಗೆ ಹೊರಟೆ. "ನೀರಿನ ಚಿಂತಿ ಬಿಡವ್ವಾ, ಮುಂಜಾನೆ ಬಂದು ನಾ ಸೋಸಿಡ್ತೀನಿ" ಎಂದು ಅವರು ಬಾಗಿಲಲ್ಲಿ ನಿಂತು ಹೇಳಿದರೂ ನಿಲ್ಲದೆ ನಡೆದೆ.

ಮೂರನೆಯ ದಿನ ನಾನು ಬರುವಷ್ಟರಲ್ಲಿ ಮೇಜಿನ ಮೇಲೆ ಎರಡು ಪುಟ್ಟ ಬಾಟಲಿಗಳಿದ್ದವು. ಒಂದರ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ ಅವರದು. ಪರೀಕ್ಷೆ ಇಷ್ಟೇ: ಆ ಬಾಟಲಿಯ ನೀರಿನಲ್ಲೇ ಕೊಳವೆಯನ್ನು ಮತ್ತೆ ಮತ್ತೆ ತೊಳೆದು, ಗಾತ್ರ ಗೊತ್ತಿರುವ ಕಣಗಳನ್ನು ಅದರಲ್ಲೇ ಬೆರೆಸಿ, ಮೂರು ಸಲ ಅಳೆದು, ಮೂರು ಸಲವೂ ಸರಿಯಾದ ಉತ್ತರ ತೋರಿಸಬೇಕು.

"ಮೊದಲ ನೀ ಮಾಡವ್ವಾ. ನನಗ ಎದಿ ಹೊಡಕೊಳ್ಳಾಕ ಹತ್ತೈತಿ" ಎಂದರು ಚಾಚಾ.

ನನ್ನ ಎದೆ ಹೊಡೆದುಕೊಳ್ಳುತ್ತಿರಲಿಲ್ಲವೇ? ಕೊಳವೆ ತೊಳೆದೆ, ತುಂಬಿದೆ, ಇಳಿಸಿದೆ. ಕಣದ ಗಾತ್ರ ನೂರು ನ್ಯಾನೋಮೀಟರ್ ಬರಬೇಕಿತ್ತು, ನೂರರ ಆಸುಪಾಸಿಗೆ ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ನಾನೂ ಚಾಚಾ ಅವರಂತೆ ಕಣ್ಣು ಮುಚ್ಚಿಕೊಂಡೆ. ಮೇಡಂ "ಪಾಸ್!" ಎಂದಾಗ ಬಿಟ್ಟೆ.

ಆಮೇಲೆ ಚಾಚಾ ಕುಳಿತರು. ಮೊದಲ ಅಳತೆಯೇ ಸಾವಿರ ದಾಟಿತು. ಎರಡನೆಯದು ಅದಕ್ಕಿಂತಲೂ ಮೇಲೆ. ಮೂರನೆಯದಕ್ಕೆ ಯಂತ್ರ ಲೆಕ್ಕ ಹಾಕುವುದನ್ನೇ ಬಿಟ್ಟು ಧೂಳಿದೆಯೆಂದು ಪರದೆಯ ಮೇಲೆ ಬರೆದು ತೋರಿಸಿತು. ಚಾಚಾ ಅವರ ಕೊಳವೆಯಲ್ಲಿ ಧೂಳು! ನಾನು ನಕ್ಕೇಬಿಡುತ್ತಿದ್ದೆ, ಆದರೆ ಮೇಡಂ ಚಾಚಾರ ಬಾಟಲಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಕೇಳಿದರು: "ಸಾರ್, ಈ ನೀರು ಸೋಸಿದ್ದಲ್ಲ, ಅಲ್ವಾ?"

"ಅಲ್ರಿ. ಒಂದ ಬಿಲ್ಲಿ ಇತ್ತು, ಒಬ್ಬರಿಗೆ ಆಗೂವಷ್ಟ ಇಳೀತು. ಅಕಿ ಬಾಟ್ಲಿಗೆ ಹಾಕೀನಿ."

"ಮೊದಲೇ ಹೇಳಬಾರದಿತ್ತಾ? ನಾನು ನಿಮ್ಮನ್ನು ಫೇಲ್ ಅಂತಲೇ ಬರೀಬೇಕಾಗುತ್ತೆ."

"ಬರೀರಿ. ಹೇಳಿದ್ರ ಅಕಿ ತಗೋತಿದ್ದಿಲ್ರಿ."

ಬೀಗವನ್ನು ಎರಡು ಸಲ ನೋಡುವ, ಬಂದವರ ಚಪ್ಪಲಿಯನ್ನೇ ಅನುಮಾನಿಸುವ ಮನುಷ್ಯ, ತಾನೇ ಬೇಡಿ ತರಿಸಿದ ಯಂತ್ರದ ಮುಂದೆ, ಧೂಳಿದೆಯೆಂದು ಗೊತ್ತಿದ್ದೂ ಗೊತ್ತಿದ್ದೂ ನಲ್ಲಿಯ ನೀರು ಸುರಿದುಕೊಂಡು ಕುಳಿತಿದ್ದರು. ಅವರ ಬಲಗೈ ಹೆಬ್ಬೆರಳು ಸಿರಿಂಜ್ ಒತ್ತಿ ಒತ್ತಿ ಬಾತುಕೊಂಡಿತ್ತು. ಹಿಂದಿನ ಸಂಜೆ ಅವರಿಗೆ ಒಂದು ಮಾತನ್ನೂ ಹೇಳದೆ ಹೋದವಳು ನಾನು. ನಾಚಿಕೆಯಾಯಿತು. ಎಷ್ಟು ತಡೆದರೂ ಆಗದೆ, ಯಂತ್ರದ ಪಕ್ಕದಲ್ಲೇ ನಿಂತು ಗಳಗಳನೆ ಅತ್ತುಬಿಟ್ಟೆ.

ಚಾಚಾ ಗಾಬರಿಯಿಂದ ಎದ್ದುಬಂದು, ಕಣ್ಣೀರು ಬೀಳದಂತೆ ಯಂತ್ರದ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಹಿಂದಕ್ಕ ಸರಿದು ಅಳವ್ವಾ" ಎಂದರು, "ಇನ್ನ ಮ್ಯಾಲೆ ಈ ಮಷೀನು ನಿಂದು."