ಒಲೆ ಹಚ್ಚಲು ಲೈಸೆನ್ಸು

ಮಗನ ನೌಕರಿ ಏನೆಂದು ಯಾರಾದರೂ ಕೇಳಿದರೆ ತಾಯಿಯಾದವಳು ಒಂದೇ ಮಾತಿನಲ್ಲಿ ಹೇಳುವಂತಿರಬೇಕು. ಮಾಸ್ತರ ಅಂದರೆ ಮುಗಿಯಿತು, ಬ್ಯಾಂಕು ಅಂದರೆ ಮುಗಿಯಿತು. ನನ್ನ ಮಗ ವೀರೇಶನ ನೌಕರಿಯನ್ನು ಹೇಳಿ ಮುಗಿಸುವಷ್ಟರಲ್ಲಿ ಎದುರಿಗೆ ಕೂತವರ ಚಹಾ ಆರಿ ಹೋಗಿರುತ್ತದೆ. ಅಷ್ಟೆಲ್ಲ ಹೇಳಿದ ಮೇಲೂ "ಹಂಗಾದ್ರ ನಿಮ್ಮ ಮಗ ವಿಮಾನ ಹಾರಸ್ತಾನ ಅನ್ರಿ" ಅನ್ನುತ್ತಾರೆ. ಇಲ್ಲ, ಹಾರಿಸುವುದಿಲ್ಲ. ರಿಪೇರಿ ಮಾಡುವುದಿಲ್ಲ, ಟಿಕೀಟು ಮಾರುವುದಿಲ್ಲ, ಕಿಟಕಿ ಪಕ್ಕದ ಸೀಟು ಕೊಡಿಸುವುದಂತೂ ಸಾಧ್ಯವೇ ಇಲ್ಲ. ಇಡೀ ದೇಶದ ವಿಮಾನಗಳ ಮೇಲೆ ಕಣ್ಣಿಡಲು ಸರ್ಕಾರ ಒಂದು ಇಲಾಖೆ ಮಾಡಿದೆ, ಅವನು ಅದರಲ್ಲಿ ಇನ್‌ಸ್ಪೆಕ್ಟರು. ಹಾರುವ ಪ್ರತಿಯೊಂದು ವಿಮಾನಕ್ಕೂ ಅವರು ಯೋಗ್ಯ ಎಂದು ಪತ್ರ ಕೊಡಬೇಕು, ಹಾರಿಸುವವನಿಗೆ ಲೈಸೆನ್ಸು ಕೊಡಬೇಕು, ನಟ್ಟು ಬಿಗಿಯುವವನಿಗೂ ಲೈಸೆನ್ಸು ಬೇಕು. ಪೈಲಟ್ಟಿನ ಕಣ್ಣು ಕಿವಿ ಎದೆ ಎಲ್ಲವನ್ನೂ ಡಾಕ್ಟರು ನೋಡಿ ಸರಿ ಅನ್ನಬೇಕು. ಎಷ್ಟು ತಾಸು ಹಾರಿಸಿದ ಮೇಲೆ ಎಷ್ಟು ತಾಸು ಮಲಗಬೇಕು ಅನ್ನುವುದಕ್ಕೂ ಕಾಯ್ದೆ ಇದೆ. ಮದುವೆ ಮನೆಯಲ್ಲಿ ಫೋಟೋ ತೆಗೆಯಲು ಹಾರಿಸುವ ಆ ಗುಂಯ್‌ಗುಡುವ ಡ್ರೋನಿಗೂ ಅವರದೇ ಕಾಯ್ದೆ. ಏನಾದರೂ ಕೆಟ್ಟರೆ ವಿಚಾರಣೆ. ಒಟ್ಟಿನಲ್ಲಿ ಹಾರುವವರು ಬೇರೆ, ನೀ ಹಾರಬೇಡ ಎನ್ನುವವನು ನನ್ನ ಮಗ.

ಆ ಕೆಲಸದ ಮೇಲೆ ನನಗೆ ಸಿಟ್ಟಿಲ್ಲ. ನೂರಾರು ಮಂದಿಯನ್ನು ಹೊತ್ತು ಮೇಲೆ ಹೋದದ್ದು ಸುರಕ್ಷಿತವಾಗಿ ಕೆಳಗೆ ಬರಬೇಕಾದರೆ ಬೇಡ ಅನ್ನುವ ಒಬ್ಬ ಬೇಕೇ ಬೇಕು. ನನ್ನ ಸಿಟ್ಟು ಬೇರೆ. ಆಫೀಸಿನ ಕೆಲಸವನ್ನು ಆಫೀಸಿನಲ್ಲಿ ಬಿಟ್ಟು ಬರಬೇಕು. ನಮ್ಮೂರಲ್ಲಿ ಫೌಜದಾರನೂ ಮನೆಗೆ ಬಂದರೆ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುತ್ತಿದ್ದ. ಇವನು ತೆಗೆಯುವುದಿಲ್ಲ. ಈ ಗುಜರಾತಿ ಊರಿನ ಬೋಪಾಲ ಬಡಾವಣೆಯ ನಮ್ಮ ಒಂಬತ್ತನೇ ಮಹಡಿಯ ಫ್ಲ್ಯಾಟನ್ನು ವಿಮಾನ ಅಂತಲೇ ತಿಳಿದಿದ್ದಾನೆ. ವಡೋದರಾಕ್ಕೆ ಕಾರಿನಲ್ಲಿ ಹೊರಟರೆ ಮೊದಲು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಒಂದೊಂದೇ ಗಾಲಿಯನ್ನು ಕಾಲಿನಿಂದ ಒದ್ದು ನೋಡುತ್ತಾನೆ. ಕೆಳಗೆ ವಾಚ್‌ಮನ್ ಕೈಕಟ್ಟಿ ನಿಂತು ಇದು ಯಾವ ಜಾತಿಯ ಪೂಜೆ ಎಂದು ನೋಡುತ್ತಿರುತ್ತಾನೆ. ಗ್ಯಾಸಿನ ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತಾನೆ. ನಾನು ಬೆಳಗಿನ ಗುಳಿಗೆ ನುಂಗಿದೆ ಅಂದರೆ ಸಾಲದು, ಗುಳಿಗೆಯ ಖಾಲಿ ಪಾಕೀಟು ತೋರಿಸಬೇಕು.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾರದ್ದು ಅವರ ಇಲಾಖೆಯ ಇನ್ನೊಂದು ಕಾಯ್ದೆ. ತಪ್ಪು ಮಾಡಿದವನು ತಾನಾಗಿ ಬಂದು ಹೇಳಿದರೆ ಅವನನ್ನು ಬೈಯಬಾರದಂತೆ. ಬೈದರೆ ನಾಳೆ ಎಲ್ಲರೂ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ವಿಮಾನಕ್ಕೆ ಅಪಾಯ, ಅದಕ್ಕೆ. ಇದನ್ನು ಮನೆಗೂ ತಂದ. ಸೊಸೆ ಸುನಂದಾ ಬೆಳಗಾವಿ ಕಡೆಯವಳು, ಇಲ್ಲಿ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಬಹಳ ಚುರುಕು. ನನ್ನ ಉಪ್ಪಿನಕಾಯಿ ಭರಣಿಯನ್ನು ಕೆಡವಿ ಒಡೆದವಳೇ ನೆಟ್ಟಗೆ ಬಂದು "ಅತ್ತೀ, ಭರಣಿ ಒಡದೆ. ನಾನಽ ಹೇಳೀನಿ ಮತ್ತ, ಶಿಕ್ಷಾ ಇಲ್ಲ" ಅಂದಳು. ಬಾಯಿಗೆ ಬಂದದ್ದನ್ನು ನಾನು ಹಾಗೇ ನುಂಗಬೇಕಾಯಿತು. ನಮ್ಮ ಅತ್ತೆಯ ಕಾಲದಲ್ಲಿ ಹೇಳಿದರೂ ಬೈಗುಳ, ಹೇಳದಿದ್ದರೂ ಬೈಗುಳ, ಒಡೆಯದಿದ್ದರೂ ನಾಳೆ ಒಡೆಯುತ್ತೀಯೆಂದು ಮುಂಗಡ ಬೈಗುಳ. ಒಬ್ಬರ ಭರಣಿಯಾದರೂ ಒಡೆಯಿತೇ? ನಮ್ಮ ಕನ್ನಡ ಸಂಘದವರು ಸಂಚಿಕೆಗೆ ಏನಾದರೂ ಬರೆದು ಕೊಡಿ ಅಂದದ್ದಕ್ಕೆ ಇದನ್ನೆಲ್ಲ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಕಾಗುಣಿತ ಅವರು ತಿದ್ದಿಕೊಳ್ಳಲಿ, ಸಿಟ್ಟನ್ನು ಮಾತ್ರ ತಿದ್ದಬಾರದು.

ಮೊನ್ನೆ ಒಂದು ಸೋಮವಾರ ಮಧ್ಯಾಹ್ನ ಏನಾಯಿತೆಂದರೆ, ಸುನಂದಾ ಆಫೀಸಿಗೆ ಹೋಗುವ ಮೊದಲು ಬೇಳೆ ತೊಳೆದು ಕುಕ್ಕರಿಗೆ ಹಾಕಿ, ಮುಚ್ಚಳ ಮುಚ್ಚಿ, ಸೀಟಿಯನ್ನೂ ಇಟ್ಟು ಹೋಗಿದ್ದಳು. ನಾನು ಹೊತ್ತು ನೋಡಿ ಒಲೆ ಹಚ್ಚಿದೆ. ಪಕ್ಕದ ಒಲೆಯ ಮೇಲೆ ಹಂಚಿಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಮೂರು ರೊಟ್ಟಿ ಆದವು, ನಾಲ್ಕಾದವು, ಸೀಟಿ ಇಲ್ಲ. ಇವತ್ತು ಈ ಕುಕ್ಕರಿಗೇನು ಮೌನವ್ರತವೇ ಅಂದುಕೊಂಡು ನೀರಿನ ಚೊಂಬು ತರಲು ಇತ್ತ ತಿರುಗಿದೆ ನೋಡಿ, ಹಿಂದಿನಿಂದ ಢಂ ಎಂದಿತು. ಪುಣ್ಯಕ್ಕೆ ಮುಚ್ಚಳ ಹಾರಲಿಲ್ಲ. ಮುಚ್ಚಳದ ಮೇಲಿನ ಸೇಫ್ಟಿ ಬಿಲ್ಲೆ ಹಾರಿ ಬೇಳೆಯೆಲ್ಲ ಕಾರಂಜಿಯ ಹಾಗೆ ಮೇಲಕ್ಕೆ ಹೋಯಿತು. ತಲೆ ಮೇಲಿನ ಮಾಳಿಗೆ ಹಳದಿ, ಫ್ಯಾನು ಹಳದಿ, ನನ್ನ ಬಿಳಿ ಕೂದಲೂ ಹಳದಿ. ಸುಟ್ಟುಕೊಳ್ಳಲಿಲ್ಲ, ಬೀಳಲಿಲ್ಲ. ಗ್ಯಾಸು ಆರಿಸಿ, ಉಳಿದ ರೊಟ್ಟಿಗಳನ್ನು ಜಾಡಿಸಿ ಬುಟ್ಟಿಗೆ ಹಾಕಿ, ಮುಖ ತೊಳೆದುಕೊಂಡೆ.

ಸಂಜೆ ವೀರೇಶ ಬಂದ. ಬೇರೆಯವರ ಮಗನಾಗಿದ್ದರೆ ಅವ್ವಾ, ಪೆಟ್ಟಾಯಿತೇನು ಎಂದು ಕೇಳಿ ಕುಕ್ಕರು ತೊಳೆಯಲು ಹಾಕುತ್ತಿದ್ದ. ಇವನೂ ಪೆಟ್ಟಾಯಿತೇ ಎಂದು ಕೇಳಿದ, ಅದರಲ್ಲಿ ಸುಳ್ಳು ಹೇಳಬಾರದು. ಆದರೆ ಇಲ್ಲ ಅಂದ ಕೂಡಲೇ ಇಲಾಖೆ ಮೈಮೇಲೆ ಬಂತು. "ಯಾರೂ ಏನೂ ಮುಟ್ಟಬ್ಯಾಡ್ರಿ!" ಅಂದ. ಮಾಳಿಗೆಯ ಫೋಟೋ, ಒಲೆಯ ಫೋಟೋ, ನನ್ನ ತಲೆಯ ಫೋಟೋ ಹೊಡೆದ. ಕುಕ್ಕರನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕಪಾಟಿನ ಮೇಲಿಟ್ಟ. ರವಿವಾರ ಪುರುಸೊತ್ತಿನಲ್ಲಿ ಬಿಚ್ಚಿ ನೋಡುವುದಂತೆ. ಆಮೇಲೆ ಕುರ್ಚಿ ಎಳೆದುಕೊಂಡು ನನ್ನೆದುರಿಗೆ ಕೂತ.

"ಅವ್ವಾ, ಎಷ್ಟ ಸೀಟಿ ಹೊಡೀತು?"

"ಒಂದೂ ಹೊಡೀಲಿಲ್ಲ."

"ಹೊಡೀಲಿಲ್ಲೋ, ನಿನಗ ಕೇಳಸ್ಲಿಲ್ಲೋ?"

"ಹೊಡದಿದ್ರ ಕೇಳಸ್ತಿತ್ತು. ಕೆಳಗ ಭಾಜಿ ಮಾರಾವ ಒದರೋದು ಒಂಬತ್ತನೇ ಮಾಳಿಗಿಗೆ ಕೇಳಸ್ತದ ನನಗ, ಬಗಲಾಗಿನ ಕುಕ್ಕರ್ ಕೇಳಸೂದಿಲ್ಲೇನ?"

"ಹಂಗಲ್ಲವ್ವಾ. ವಯಸ್ಸಾತಲ್ಲ. ಪೈಲಟ್ಟಾಗಿದ್ರ ಅರವತ್ತೈದಕ್ಕ ನಿನ್ನ ಇಳಿಸಿ ಮನೀಗೆ ಕಳಸ್ತಿದ್ವಿ. ಕಿವಿ ತೋರಸೂಣು. ತನಿಖೆ ಮುಗಿಯೂತನಕ ನೀ ಒಲಿ ಹಚ್ಚಬ್ಯಾಡ."

ಮದುವೆಯಾಗಿ ಬಂದಾಗಿನಿಂದ ಒಲೆ ಹಚ್ಚಿದ್ದೇನೆ. ಕಟ್ಟಿಗೆ ಒಲೆ ಊದಿದ್ದೇನೆ, ಸೀಮೆಎಣ್ಣೆ ಸ್ಟೋವಿಗೆ ಪಿನ್ನು ಹಾಕಿದ್ದೇನೆ. ಇವನು ಹುಟ್ಟಿದ ಹದಿಮೂರನೇ ದಿನಕ್ಕೆ ರೊಟ್ಟಿ ಬಡಿದಿದ್ದೇನೆ. ಆಗ ಯಾವ ಇನ್‌ಸ್ಪೆಕ್ಟರೂ ಬಂದು ಈ ಬಾಣಂತಿ ಕೆಲಸಕ್ಕೆ ಯೋಗ್ಯಳೇ ಎಂದು ಕೇಳಲಿಲ್ಲ. ಈಗ ನನ್ನ ಕೈಯಿಂದ ಲೈಟರು ಕಸಿದುಕೊಂಡ. ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕೂತು ಉಣ್ಣುವುದು ಒಳ್ಳೆಯದಲ್ಲವೇ ಅಮ್ಮ ಅನ್ನಬಹುದು. ಒಲೆ ಕೈಯಲ್ಲಿ ಇರುವ ತನಕ ಮನೆಯಲ್ಲಿ ಮುದುಕಿಯ ಮಾತಿಗೆ ಬೆಲೆ. ಇವತ್ತು ಕಿವಿ ಸರಿಯಿಲ್ಲ ಎಂದು ಒಲೆ ಬಿಡಿಸುತ್ತಾರೆ, ನಾಳೆ ಕಣ್ಣು ಸರಿಯಿಲ್ಲ ಎಂದು ಲಿಫ್ಟು ಬಿಡಿಸುತ್ತಾರೆ, ಆಮೇಲೆ ಸೋಫಾದ ಮೇಲೆ ಒಂದು ದಿಂಬು, ಅದರ ಪಕ್ಕಕ್ಕೆ ಇನ್ನೊಂದು ದಿಂಬು ನಾನು.

ಆ ವಾರ ನಾನು ಉಂಡದ್ದನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸುನಂದಾ ಆಫೀಸಿಗೆ ಓಡುವ ಗಡಿಬಿಡಿಯಲ್ಲಿ ಬಡಿದ ರೊಟ್ಟಿ ಚಪ್ಪಲಿಯ ಅಟ್ಟೆಯಷ್ಟು ದಪ್ಪ. ರಾತ್ರಿ ಖಿಚಡಿ, ಮರುದಿನವೂ ಖಿಚಡಿ. ಎದುರು ಮನೆಯ ಮಂಜುಳಾಬೇನ್ ನನ್ನ ವಯಸ್ಸಿನವಳೇ, ಒಳ್ಳೆಯ ಹೆಂಗಸು, ಮೆಂತ್ಯದ ಚಪಾತಿಯಂಥ ಥೇಪ್ಲಾ ಹಿಡಿದುಕೊಂಡು ಬಂದಳು. ಮಾಳಿಗೆಯನ್ನು ಬಹಳ ಹೊತ್ತು ನೋಡಿ, "ಅರೇ ಬಾ, ಇತನೀ ದಾಲ್ ಊಪರ್ ಕೈಸೇ ಗಯೀ?" ಅಂದಳು. ಬಾ ಅಂದರೆ ಇವರ ಗುಜರಾತಿಯಲ್ಲಿ ಅವ್ವ; ಇಷ್ಟು ಬೇಳೆ ಮೇಲೆ ಹೇಗೆ ಹೋಯಿತು ಎಂದು ಕೇಳಿದ್ದು. ನನ್ನ ಹಿಂದಿ ಸಿಟ್ಟು ಬಂದಾಗ ಮಾತ್ರ ಚೆನ್ನಾಗಿ ಬರುತ್ತದೆ. "ಮೇರಾ ಬೇಟಾ ವಿಮಾನ್ ಕಾ ಸಾಬ್ ಹೈ ನಾ, ಉಸ್ಕೇ ಘರ್ ಮೇ ದಾಲ್ ಭೀ ಉಡತೀ ಹೈ" ಅಂದೆ, ವಿಮಾನದ ಸಾಹೇಬನ ಮನೆಯಲ್ಲಿ ಬೇಳೆಯೂ ಹಾರುತ್ತದೆ ಅಂತ. ಅವಳು ನಕ್ಕದ್ದಕ್ಕೆ ಥೇಪ್ಲಾ ಗಂಟಲಲ್ಲಿ ಸಿಕ್ಕಿ ನೀರು ಕೊಡಬೇಕಾಯಿತು.

ವಾರದ ನಡುವೆ ವೀರೇಶ ಸೂರತ್ತಿನ ವಿಮಾನ ನಿಲ್ದಾಣಕ್ಕೆ ತಪಾಸಣೆಗೆ ಹೋದ. ಬೆಕ್ಕು ಹೋಯಿತೆಂದು ಇಲಿ ಹೊರಟ ಹಾಗೆ ನಾನು ಒಂದು ಲೋಟ ಚಹಾ ಮಾಡಿಕೊಳ್ಳೋಣ ಎಂದು ಅಡುಗೆಮನೆಗೆ ಕಾಲಿಟ್ಟಿದ್ದೆ, ಫೋನು ಹೊಡೆದುಕೊಂಡಿತು. ಮುಖ ತೋರಿಸುವ ಫೋನು. ಹಿಂದೆ ರಣಬಿಸಿಲಿನಲ್ಲಿ ಒಂದು ವಿಮಾನ ನಿಂತಿದೆ, ಮುಂದೆ ಇವನ ಮುಖ. "ಅವ್ವಾ, ಎಲ್ಲಿದ್ದೀ? ಫೋನ ಸ್ವಲ್ಪ ಒಲಿ ಕಡೆ ತಿರಗಸು." ಹೇಳದೆ ಕೇಳದೆ ಹೋಗಿ ನೋಡುವುದು ಅವರ ಪದ್ಧತಿಯಂತೆ. "ನಿನ್ನ ಹಿಂದಿನ ಆ ವಿಮಾನ ನೋಡ್ಕೊ ಮೊದಲ, ಅದರಾಗ ಮಂದಿ ಕೂಡ್ತಾರ. ನನ್ನ ಚಹಾದಾಗ ಯಾರೂ ಕೂಡೂದಿಲ್ಲ" ಎಂದು ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದೆ. ಚಹಾ ಮಾತ್ರ ಮಾಡಲಿಲ್ಲ. ಬೇಡ ಅಂದ ಮೇಲೆ ಕದ್ದು ಮಾಡುವವಳು ನಾನಲ್ಲ, ಎದುರಿಗೇ ಮಾಡುವವಳು.

ರವಿವಾರ ಬಂತು. ವೀರೇಶ ಊಟದ ಮೇಜಿನ ಮೇಲೆ ಪೇಪರು ಹಾಸಿದ, ಕುಕ್ಕರಿನ ಚೀಲ ಇಳಿಸಿದ. ನಾನು ಮಂಜುಳಾಬೇನಳನ್ನೂ ಕರೆದುಕೊಂಡು ಬಂದೆ. ನ್ಯಾಯ ನಾಲ್ಕು ಮಂದಿಯ ಮುಂದೆ ಆಗಬೇಕು. ಬೇಳೆ ಒಣಗಿ ಗಾರೆಯಾಗಿತ್ತು, ವಾಸನೆಯಂತೂ ಕೇಳಬೇಡಿ. ಅವನು ಸೀಟಿಯನ್ನು ಎತ್ತಿ ಬದಿಗಿಟ್ಟ. ಅದರ ಕೆಳಗಿನ ಹಬೆ ಬರುವ ಕೊಳವೆಯನ್ನು ಟಾರ್ಚು ಹಾಕಿ ನೋಡಿದ. ಮತ್ತೆ ನೋಡಿದ. ಚಿಮಟ ತಂದು ಕೊಳವೆಯೊಳಗಿನಿಂದ ಏನನ್ನೋ ಎಳೆದ. ಬಿಗಿಯಾಗಿ ಸುರುಳಿ ಸುತ್ತಿದ ಬಟ್ಟೆಯ ತುಂಡು. ನಾನು ಕನ್ನಡಕ ಏರಿಸಿ ನೋಡಿದೆ.

"ಇದು ನಿನ್ನ ಹಳೇ ಬನಿಯನ್ನಿಂದಲ್ಲೇನೋ?"

ಅವನ ಮುಖ ಬೇಳೆಯ ಬಣ್ಣಕ್ಕೆ ತಿರುಗಿತು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಹಿಂದಿನ ರವಿವಾರ ಕುಕ್ಕರನ್ನು ತಾನೇ ತಂತಿ ಹಾಕಿ ತಿಕ್ಕಿ ಸ್ವಚ್ಛ ಮಾಡಿದ್ದನಂತೆ. ನಿಂತ ವಿಮಾನದ ತೂತುಗಳಿಗೆ ಹುಳ ಧೂಳು ಹೋಗಬಾರದೆಂದು ಮುಚ್ಚಳ ಹಾಕಿ, ಹಾರುವ ಮೊದಲು ತೆಗೆಯಲು ನೆನಪಾಗಲಿ ಎಂದು ಅದಕ್ಕೆ ಕೆಂಪು ಪಟ್ಟಿ ಜೋತು ಬಿಡುತ್ತಾರಂತೆ. ಹಾಗೆಯೇ ಈ ಕೊಳವೆಗೂ ಬಟ್ಟೆ ತುರುಕಿ, ಕೆಂಪು ರಿಬ್ಬನ್ನು ಕಟ್ಟಿಟ್ಟಿದ್ದ.

"ಆ ರಿಬ್ಬನ್ನಾ?" ಸುನಂದಾ ಬಾಯಿಗೆ ಸೆರಗು ಹಿಡಿದಳು. "ಅದನ್ನ ನಾನಽ ಕತ್ತರಿಸಿ ಒಗದೆ. ಅತ್ತಿಯವರು ದೃಷ್ಟಿಗೆ ಕಟ್ಯಾರ ಅನ್ಕೊಂಡೆ. ಒಲಿ ಮ್ಯಾಲೆ ಜೋತಾಡಿ ಬೆಂಕಿ ಹತ್ತೀತು ಅಂತ ಬುಡಕ್ಕ ಕತ್ತರಿಸಿ ಸೀಟಿ ಇಟ್ಟೆ. ನಾನಽ ಹೇಳೀನಿ ಮತ್ತ!"

"ಯಾರಿಗೆ ಹೇಳಿದ್ದೀ ನೀ, ರಿಬ್ಬನ್ ಕಟ್ಟೀನಿ ಅಂತ?" ಎಂದು ನಾನು ಮಗನನ್ನು ಕೇಳಿದೆ.

"ಯಾರಿಗೂ ಹೇಳಿಲ್ಲವ್ವಾ. ತಪ್ಪು ನಂದಽ."

"ವಿಮಾನದವರು ಹಿಂಗ ಮಾಡಿದ್ರ ಏನ ಮಾಡ್ತೀ?"

"ನಿಲ್ಲಸ್ತೀನಿ."

"ಮತ್ತ ನನ್ನ ಕಿವಿ?"

"ಕಿವಿ ಸರಿ ಅದಾವು."

ಮಂಜುಳಾಬೇನಳಿಗೆ ಕನ್ನಡ ಬಾರದು, ಆದರೆ ಬನಿಯನ್ನು ಯಾವ ಭಾಷೆಯಲ್ಲೂ ಬನಿಯನ್ನೇ. "ಬಾ ಜೀತ್ ಗಯೀ", ಅವ್ವ ಗೆದ್ದಳು ಎಂದು ಚಪ್ಪಾಳೆ ತಟ್ಟಿದಳು. ವೀರೇಶ ಎದ್ದು ಹೋಗಿ ಲೈಟರನ್ನು ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ. ಅಷ್ಟು ಅಗ್ಗಕ್ಕೆ ಯಾಕೆ ತೆಗೆದುಕೊಳ್ಳಬೇಕು? ನನ್ನನ್ನು ಪೈಲಟ್ಟಿಗೆ ಹೋಲಿಸಿದವನು ಅವನೇ. ಹಾಗಾದರೆ ಕಾಯ್ದೆಯನ್ನು ಪೂರ್ತಿ ಹಾಕು ಅಂದೆ. ಹಾರಿಸಿದ ಮೇಲೆ ಇಷ್ಟು ತಾಸು ಮಲಗಲೇಬೇಕು ಅಂತ ಅವರಿಗೆ ಇದೆಯಲ್ಲ, ದಣಿದವನ ಕೈಗೆ ವಿಮಾನ ಕೊಡುವುದಿಲ್ಲವಲ್ಲ, ಜ್ವರ ಬಂದ ದಿನವೂ ನನ್ನ ಕೈಯಿಂದ ರೊಟ್ಟಿ ಮಾಡಿಸಿದವರು ನನಗೆ ಯಾವ ವಿಶ್ರಾಂತಿ ಕೊಟ್ಟರು? ಕಿವಿ ನೋಡಲು ಇಲಾಖೆ ಇದೆ, ಬೆನ್ನು ನೋಡಲು ಇಲ್ಲವೇ? ವೀರೇಶ ಹೆಂಡತಿಯ ಮುಖ ನೋಡಿದ, ಸುನಂದಾ ಫ್ಯಾನು ನೋಡಿದಳು. ಕೊನೆಗೆ ವಾರಕ್ಕೊಂದು ದಿನ, ರವಿವಾರ, ನನಗೆ ಕಡ್ಡಾಯ ವಿಶ್ರಾಂತಿ ಎಂದು ತೀರ್ಮಾನವಾಯಿತು. ಆ ದಿನ ಗಂಡ ಹೆಂಡತಿ ಸೇರಿ ಅಡುಗೆ ಮಾಡಬೇಕು. ಆಮೇಲೆ ಲೈಟರು ತೆಗೆದುಕೊಂಡೆ.

ಮುಂದಿನ ರವಿವಾರ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕೈಗೆ ಕೆಲಸವಿಲ್ಲ, ಆದ್ದರಿಂದ ಕಣ್ಣಿಗೆ ಬಹಳ ಕೆಲಸ. ಉಳ್ಳಾಗಡ್ಡಿ ದಪ್ಪ ಹೆಚ್ಚಿದ್ದೀ, ಎಣ್ಣೆ ಕಾದಿಲ್ಲ ಸಾಸಿವೆ ಹಾಕಬೇಡ, ಆ ಸೌಟು ಸಾರಿನದಲ್ಲ, ಕೊಳವೆ ಊದಿ ನೋಡಿದೆಯಾ, ನನ್ನೆದುರಿಗೆ ಇನ್ನೊಮ್ಮೆ ಊದು. ನಡುವೆ ಒಂದು ಸಲ ಕುರ್ಚಿ ಬಿಟ್ಟು ಮಲಗುವ ಕೋಣೆಗೆ ಹೋದಂತೆ ಮಾಡಿ ತಟ್ಟನೆ ತಿರುಗಿ ಬಂದು ನೋಡಿದೆ. ವೀರೇಶ ಹಸಿ ಹಿಟ್ಟಿನ ಕೈಯಿಂದಲೇ ಉಪ್ಪಿನ ಡಬ್ಬಿ ಮುಟ್ಟುತ್ತಿದ್ದ, ಸಿಕ್ಕಿಬಿದ್ದ. ಅಡುಗೆ ಮಾಡಿದವರಿಗೆ ಸೊಂಟ ನೋವು, ನೋಡುವವರಿಗೆ ಬರೀ ಬಾಯಿ ನೋವು ಎಂದು ಆವತ್ತು ಗೊತ್ತಾಯಿತು. ಇಷ್ಟು ಸುಖದ ನೌಕರಿಗೆ ಸರ್ಕಾರ ಸಂಬಳ ಬೇರೆ ಕೊಡುತ್ತದೆ.

ಸುನಂದಾ ಬೆವರು ಒರೆಸಿಕೊಂಡು ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಅತ್ತೀ, ಇವರಿಗೆ ಈ ಗುಣ ಇಲಾಖೆಯಿಂದ ಬಂದದ ಅಂತ ಮದುವಿ ಆದಾಗಿಂದ ಆ ಇಲಾಖೆನ ಬೈತಿದ್ದೆ. ಪಾಪ, ಸುಮ್ಮನ ಬೈದೆ ಅದನ್ನ" ಅಂದಳು.

ನಾನು ಸೌಟಿನಿಂದ ಚೂರು ತೆಗೆದು ರುಚಿ ನೋಡಿದೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಹೇಳಿದೆ.